ಬಲಗಡೆಯಿಂದ ಓದಬೇಕಾದ ದೆವ್ವ

ನಮ್ಮ ಎದುರು ಮನೆಯ ಶಂಕರನಾರಾಯಣಯ್ಯನವರು ಬದುಕಿರುವ ಮನುಷ್ಯನಿಗೆ ತಿಥಿ ಮಾಡಿದರು ಎಂಬ ಸುದ್ದಿ ಈಗ ಕೊಪ್ಪದವರೆಗೂ ಹೋಗಿದೆ. ಹೋಗುವಾಗ ದಾರಿಯಲ್ಲಿ ಒಂದಿಷ್ಟು ಸೇರಿಕೊಂಡಿದೆ. ಹೆಣ ಎದ್ದು ಕೂತಿತು, ಪುರೋಹಿತರು ಮೂರ್ಛೆ ಹೋದರು ಎಂದೆಲ್ಲ ಹೇಳುವವರಿದ್ದಾರೆ. ಹೆಣ ಇರಲೇ ಇಲ್ಲ. ಪುರೋಹಿತರು ಪಾಯಸವನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ನಾನು ಅವರ ಪಕ್ಕದ ಎಲೆಯಲ್ಲೇ ಕೂತಿದ್ದೆ. ಆದ್ದರಿಂದ ಆದದ್ದನ್ನು ಆದ ಹಾಗೆ ಹೇಳುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ.

ಶಂಕರನಾರಾಯಣಯ್ಯನವರದು ಶೃಂಗೇರಿ ಪೇಟೆಯಲ್ಲಿ ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ. ಊರಿನ ಪಹಣಿ, ಜಾತಕ, ಕಾಲೇಜು ಮಕ್ಕಳ ಪ್ರಾಜೆಕ್ಟು ಎಲ್ಲ ಅವರ ಕೈ ದಾಟಿಯೇ ಹೋಗಬೇಕು. ಹಾಗಾಗಿ ಓದದೆಯೇ ವಿಷಯ ತಿಳಿಯುವ ಶಕ್ತಿ ತಮಗೆ ಬಂದಿದೆ ಎಂದು ಅವರು ನಂಬಿದ್ದರು. "ಪುಟ ತಿರುಗಿಸಿದ್ರೆ ಸಾಕು ಮಾರಾಯ, ಒಳಗೆ ಎಂತ ಇದೆ ಅಂತ ಗೊತ್ತಾಗ್ತದೆ" ಎನ್ನುತ್ತಿದ್ದರು. ಒಮ್ಮೆ ಒಂದು ವಿಚ್ಛೇದನದ ಅರ್ಜಿಯನ್ನು ಹೀಗೆಯೇ ತಿರುಗಿಸಿ ನೋಡಿ, ಗಂಡು ಹೆಣ್ಣಿನ ಹೆಸರು ಜೋಡಿಯಾಗಿ ಕಂಡದ್ದರಿಂದ, ತಂದವನ ಕೈ ಕುಲುಕಿ ಶುಭಾಶಯ ಹೇಳಿ ಕಳಿಸಿದ್ದರು. ಆ ಮನುಷ್ಯ ಈಗ ಜೆರಾಕ್ಸಿಗೆ ಬೇರೆ ಅಂಗಡಿಗೆ ಹೋಗುತ್ತಾನೆ.

ಅಂಗಡಿಯಲ್ಲಿ ಅವರ ಜೊತೆಗಿದ್ದವನು ಕಶ್ಯಪ, ತೀರಿಹೋದ ತಮ್ಮನ ಮಗ. ಮಕ್ಕಳಿಲ್ಲದ ಶಂಕರನಾರಾಯಣಯ್ಯನವರೂ ಅವರ ಹೆಂಡತಿ ಪದ್ಮಾಕ್ಷಮ್ಮನವರೂ ಅವನನ್ನು ಚಿಕ್ಕಂದಿನಿಂದ ಸಾಕಿದವರು. ಈಗ ಮೀಸೆ ಬಂದ ಗಂಡಸಾದರೂ ಮನೆಯವರ ಬಾಯಲ್ಲಿ ಅವನು ಇನ್ನೂ ಮಾಣಿ, ಅಂದರೆ ಸಣ್ಣ ಹುಡುಗನೇ. ಈ ಕಶ್ಯಪನಿಗೆ ಜಪಾನಿನ ಚಿತ್ರಕಥೆಗಳ ಹುಚ್ಚು, ಅದರಲ್ಲೂ ಒಂದು ಬಗೆಯದು. ಅವುಗಳಲ್ಲಿ ಇಬ್ಬರು ಗಂಡಸರು ಇರುತ್ತಾರೆ. ಒಬ್ಬ ಬದುಕಿರುತ್ತಾನೆ, ಇನ್ನೊಬ್ಬ ದೆವ್ವ. ಇಬ್ಬರಿಗೂ ಪ್ರೀತಿ ಹುಟ್ಟುತ್ತದೆ. ನಮ್ಮ ಕಡೆ ದೆವ್ವ ಹಿಡಿದರೆ ಬಿಡಿಸುವವರನ್ನು ಕರೆಸುತ್ತೇವೆ. ಅಲ್ಲಿ ಬಿಟ್ಟುಹೋದರೆ ಓದುಗರು ಅಳುತ್ತಾರಂತೆ. ಅಂಥ ಪುಸ್ತಕಗಳ ಒಂದು ಪೆಟ್ಟಿಗೆಯೇ ಅವನ ಮಂಚದ ಕೆಳಗಿತ್ತು. ಜಪಾನಿನವರ ಪುಸ್ತಕ ಬಲಗಡೆಯಿಂದ ಶುರುವಾಗುತ್ತದೆ, ನಮ್ಮ ಕೊನೆಯ ಪುಟವೇ ಅವರ ಮೊದಲ ಪುಟ. ಇದೊಂದನ್ನು ನೀವು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಶಂಕರನಾರಾಯಣಯ್ಯನವರಿಗೆ ಅದು ಗೊತ್ತಿರಲಿಲ್ಲ.

ಅವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯವೆಂದರೆ ಅರುಣ. ಅರುಣ ಮುತ್ತಿನಕೊಪ್ಪದ ಹುಡುಗ, ಇನ್ವರ್ಟರ್ ರಿಪೇರಿಯವನು, ಅಂಗಿಯ ಜೇಬಿನಲ್ಲಿ ಸದಾ ಒಂದು ಟೆಸ್ಟರ್ ಸಿಕ್ಕಿಸಿಕೊಂಡಿರುವವನು. ಬ್ಯಾಟರಿಗೆ ಎರಡು ಮೂರು ತಿಂಗಳಿಗೊಮ್ಮೆ ನೀರು ಹಾಕಿದರೆ ಸಾಕು. ಎದುರು ಮನೆಯ ಬ್ಯಾಟರಿಗೆ ಮಾತ್ರ ವಾರಕ್ಕೆರಡು ಸಲ ಬೇಕಾಗುತ್ತಿತ್ತು. ಇನ್ವರ್ಟರ್ ಇದ್ದದ್ದು ಜಗಲಿಯಲ್ಲಿ. ಅರುಣ ಕೂರುತ್ತಿದ್ದುದೂ ಅಲ್ಲೇ, ಕಾಫಿ ಬರುತ್ತಿದ್ದುದೂ ಅಲ್ಲಿಗೇ. ಕಶ್ಯಪ ಟಾರ್ಚು ಹಿಡಿದು ಪಕ್ಕದಲ್ಲಿ ಕೂತಿರುತ್ತಿದ್ದ, ಹಗಲು ಹೊತ್ತಿನಲ್ಲಿ. ಬೀದಿಯಲ್ಲಿ ಕಣ್ಣಿದ್ದವರಿಗೆಲ್ಲ ವಿಷಯ ತಿಳಿದಿತ್ತು. "ಈ ಕಂಪನಿ ಬ್ಯಾಟರಿ ಬಹಳ ನೀರು ಕುಡಿತದೆ" ಎಂದು ಶಂಕರನಾರಾಯಣಯ್ಯನವರು ನನ್ನ ಹತ್ತಿರ ದೂರುತ್ತಿದ್ದರು.

ಅರುಣನಿಗೆ ಮನೆಯಲ್ಲಿ ಹೆಣ್ಣು ನೋಡಿದರು. ಅವನು ಬೇಡವೆಂದು ಜಗಳ ಮಾಡಿ ಕೊಪ್ಪದಲ್ಲಿ ರೂಮು ಮಾಡಿದ. ಆಮೇಲೆ ಇಲ್ಲಿಗೆ ಬಂದು ಕಶ್ಯಪನನ್ನು ಕೇಳಿದ: "ನಾನು ನಮ್ಮನೇಲಿ ಬೇಡ ಅಂತಾದ್ರೂ ಹೇಳ್ದೆ. ನೀನು ನಿಮ್ಮನೇಲಿ ಎಂತ ಹೇಳಿದೀಯ? ನಿಮ್ಮನೆಗೆ ನಾನು ದೆವ್ವ ಇದ್ದಂಗೆ. ಬಂದಿದ್ದು ಯಾರಿಗೂ ಕಾಣಲ್ಲ, ಹೋಗಿದ್ದು ಯಾರಿಗೂ ಗೊತ್ತಾಗಲ್ಲ. ನೀನು ಹೇಳೋ ತನಕ ನಾನು ಬರಲ್ಲ." ಹಾಗೆಂದವನು ಬರುವುದನ್ನು ನಿಲ್ಲಿಸಿಯೇಬಿಟ್ಟ.

ಕಶ್ಯಪ ದೊಡ್ಡಪ್ಪನಿಗೆ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಬೇರೇನೋ ಬರುತ್ತಿತ್ತು. ಒಮ್ಮೆ ಟೋನರ್ ಖಾಲಿಯಾಗಿದೆ ಎಂದ, ಇನ್ನೊಮ್ಮೆ ಚಟ್ನಿಗೆ ಉಪ್ಪು ಸಾಲದು ಎಂದ. ಕೊನೆಗೆ ಊಟ ಬಿಟ್ಟ. ಬಾಯಲ್ಲಿ ಬಾರದ್ದನ್ನು ಚಿತ್ರವಾಗಿ ಬರೆಯಲು ಕೂತ. ಥೇಟು ಜಪಾನಿನವರ ಹಾಗೆಯೇ, ಮಾತಿಲ್ಲದ ಚಿತ್ರಕಥೆ. ಮೊದಲ ಪುಟದಲ್ಲಿ ತುಂಗೆಯ ಮೆಟ್ಟಿಲಿನ ಮೇಲೆ ಪಾದವಿಲ್ಲದ ಒಂದು ದೆವ್ವ ಒಂಟಿಯಾಗಿ ಕೂತಿದೆ. ಜನ ಅದರ ಮೈಯೊಳಗಿಂದಲೇ ದಾಟಿ ಹೋಗುತ್ತಾರೆ. ಒಬ್ಬನಿಗೆ ಮಾತ್ರ ಅದು ಕಾಣುತ್ತದೆ. ಇಬ್ಬರಿಗೂ ಪ್ರೀತಿಯಾಗುತ್ತದೆ. ಪುಟ ಹೋದ ಹಾಗೆ ದೆವ್ವಕ್ಕೆ ಕೈ ಬರುತ್ತದೆ, ನೆರಳು ಬರುತ್ತದೆ, ಪಾದ ಬರುತ್ತದೆ. ಕೊನೆಯ ಪುಟದಲ್ಲಿ ಇಬ್ಬರೂ ಹೋಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಮಸಾಲೆ ದೋಸೆ ತಿನ್ನುತ್ತಾರೆ. ದೆವ್ವಕ್ಕೆ ಅರುಣನ ಮುಖ, ಜೇಬಿನಲ್ಲಿ ಅರುಣನ ಟೆಸ್ಟರ್. ಅದನ್ನು ಅಂಗಡಿಯ ಮಷಿನ್ನಿನಲ್ಲೇ ಪ್ರಿಂಟು ತೆಗೆದು, ಬಲಗಡೆಗೆ ಸ್ಪೈರಲ್ ಹಾಕಿ, ರಟ್ಟಿನ ಮೇಲೆ ಹೆಸರು ಬರೆಯಲು ಏನೂ ತೋಚದೆ ಮೇಜಿನ ಮೇಲೆ ಬಿಟ್ಟು ಹೋದ.

ಬೆಳಿಗ್ಗೆ ಅಂಗಡಿ ತೆಗೆದ ಶಂಕರನಾರಾಯಣಯ್ಯನವರು ಅದನ್ನು ನೋಡಿ, "ಇಷ್ಟು ವರ್ಷ ಆದ್ರೂ ಮಾಣಿಗೆ ಬೈಂಡಿಂಗು ಬರ್ಲಿಲ್ಲ" ಎಂದು ಗೊಣಗಿದರು. ಸ್ಪೈರಲ್ಲು ಎಡಗಡೆಗೆ ಬರುವ ಹಾಗೆ ಪುಸ್ತಕವನ್ನು ಮಗುಚಿ ಹಿಡಿದು ಪುಟ ತಿರುಗಿಸಿದರು. ಮೊದಲು ಕಂಡದ್ದು ದೋಸೆ. ಆಮೇಲೆ ಕಶ್ಯಪ ಮತ್ತು ಅರುಣ ಕೈ ಹಿಡಿದುಕೊಂಡದ್ದು, ಒಬ್ಬರ ತುಟಿ ಇನ್ನೊಬ್ಬರಿಗೆ ತಾಗಿದ್ದು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅದರ ಬಗ್ಗೆ ಯೋಚನೆ ಮಾಡುವುದರೊಳಗೆ ಅರುಣನ ಪಾದ ಹೋಯಿತು. ಆಮೇಲೆ ನೆರಳು ಹೋಯಿತು, ಕೈ ಹೋಯಿತು. ಕೊನೆಯ ಪುಟದಲ್ಲಿ ಅರುಣ ದೆವ್ವವಾಗಿ ಹೊಳೆಯ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ.

ಗಂಡಸರಿಬ್ಬರು ಪ್ರೀತಿಸುವುದು ಅವರ ಪಾಲಿಗೆ ಒಂದು ದೊಡ್ಡ ವಿಷಯವೇ. ಆದರೆ ಅವರಲ್ಲೊಬ್ಬ ಸತ್ತಿದ್ದಾನೆ ಎನ್ನುವುದು ಇನ್ನೂ ದೊಡ್ಡ ವಿಷಯ. ಒಂದು ದಿನಕ್ಕೆ ಒಂದೇ ವಿಷಯಕ್ಕೆ ಗಾಬರಿಯಾಗುವ ಶಕ್ತಿ ಅವರಿಗಿದ್ದದ್ದು. ಅವರು ದೊಡ್ಡದನ್ನು ಆರಿಸಿಕೊಂಡರು.

ಅರುಣನಿಗೆ ಫೋನು ಮಾಡಿದರೆ, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಣ್ಣುದನಿ ಹೇಳಿತು. ಅವನು ಆಗ ಹಿರೇಕೊಡಿಗೆಯ ಯಾವುದೋ ಮನೆಯಲ್ಲಿ, ಟವರ್ ಸಿಗದ ಕಡೆ ವೈರಿಂಗ್ ಮಾಡುತ್ತಿದ್ದ. ಶಂಕರನಾರಾಯಣಯ್ಯನವರು ಪುಸ್ತಕ ಹಿಡಿದು ನಮ್ಮ ಮನೆಗೇ ಓಡಿ ಬಂದು, ಫೋನನ್ನು ನನಗೂ ಕೇಳಿಸಿ, "ಕಂಪನಿಯವ್ರಿಗೂ ಗೊತ್ತಾಗಿದೆ" ಎಂದರು. ಪಕ್ಕದಲ್ಲೇ ಇದ್ದ ನಮ್ಮ ಅತ್ತೆ ಶೇಷಮ್ಮ ಪುಸ್ತಕ ಇಸಿದುಕೊಂಡು ಕೂಲಂಕಷವಾಗಿ ನೋಡಿದರು. "ನಮ್ಮ ಕಡೆ ದೆವ್ವಕ್ಕೆ ಪಾದ ಹಿಂದುಮುಂದು. ಇದಕ್ಕೆ ಪಾದವೇ ಇಲ್ಲ. ಇದು ಬೇರೆ ನಮೂನೆಯದು" ಎಂದು ತೀರ್ಪು ಕೊಟ್ಟರು.

"ಕಶ್ಯಪನನ್ನೇ ಕೇಳಿದ್ರೆ ಆಗ್ತದಲ್ಲ?" ಎಂದೆ ನಾನು.

"ಊಟ ಬಿಟ್ಟ ಮಾಣಿಯ ಹತ್ರ ಆ ವಿಷಯ ಎತ್ತೂದುಂಟಾ? ನೀನೊಬ್ಬ." ಅವರ ಕಣ್ಣಲ್ಲಿ ನೀರು ಬಂತು. ಮೊದಲು ಸತ್ತವನ ಮನೆಯವರನ್ನು ಕಂಡು ಮಾತಾಡಿಸಬೇಕು ಎಂದು ಮಾರನೆಯ ದಿನವೇ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. ಕೊಪ್ಪ ದಾಟಿ, ನರಸಿಂಹರಾಜಪುರದಲ್ಲಿ ಬಸ್ಸು ಬದಲಾಯಿಸಿ ಮುತ್ತಿನಕೊಪ್ಪ ಸೇರಿದೆವು.

ಅರುಣನ ಅಪ್ಪ ಸುಬ್ಬಪ್ಪ, ಅಮ್ಮ ಕಮಲಕ್ಕ ಇಬ್ಬರೂ ಕೂಲಿ ಮುಗಿಸಿ ಆಗಷ್ಟೇ ಬಂದಿದ್ದರು. ಶೃಂಗೇರಿಯ ಅಯ್ಯನವರು ತಮ್ಮ ಮನೆಗೆ ಬಂದದ್ದು ನೋಡಿ ಗಡಿಬಿಡಿಯಲ್ಲಿ ಚಾಪೆ ಹಾಸಿದರು. ಸಾವಿನ ಮನೆಯಲ್ಲಿ ಸಾವು ಎಂಬ ಮಾತನ್ನು ಆಡಬಾರದು ಎಂಬುದು ಶಂಕರನಾರಾಯಣಯ್ಯನವರ ಶಿಸ್ತು.

"ಅರುಣನ ವಿಷಯ ಗೊತ್ತಾಯ್ತು. ಮನಸಿಗೆ ಹಚ್ಚಿಕೊಳ್ಬೇಡಿ" ಎಂದರು.

"ಎಂತ ಮಾಡೂದು ಅಯ್ಯ, ಒಳ್ಳೆ ಸಂಬಂಧ ಬಂದಿತ್ತು. ಅಷ್ಟರಾಗೆ ಹೊಂಟೇ ಹೋದ" ಎಂದ ಸುಬ್ಬಪ್ಪ.

"ಮದುವೆಗೆ ಮುಂಚೆಯೇ."

"ಹೂಂ. ಅದೇ ಬೇಜಾರು."

ಕಮಲಕ್ಕ ಚಾ ತಂದಿಟ್ಟರು. "ಈಗ್ಲೂ ಒಂದೊಂದು ಭಾನುವಾರ ಸಂಜೆ ಬತ್ತಾನೆ ಅಯ್ಯ. ಬಡ್ಸಿದ್ದು ಉಣ್ತಾನೆ. ಒಂದು ಮಾತಿಲ್ಲ, ಕತೆ ಇಲ್ಲ. ಸುಮ್ನೆ ಎದ್ದು ಹೋಗ್ತಾನೆ. ಮುಖ ನೋಡಿದ್ರೆ ಬಿಳುಚಿಕೊಂಡು ಹೋಗಿದೆ."

ಶಂಕರನಾರಾಯಣಯ್ಯನವರು ಲೋಟವನ್ನು ಕೆಳಗಿಟ್ಟರು. "ನಿಮಗೆ ಹೆದರಿಕೆ ಆಗೂದಿಲ್ವಾ?"

"ಹೆತ್ತ ಮಗಂಗೆ ಎಂತ ಹೆದರೂದು" ಎಂದರು ಕಮಲಕ್ಕ.

ನನಗೆ ಆಗಲೇ ಅನುಮಾನ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಶಂಕರನಾರಾಯಣಯ್ಯನವರ ಕೆನ್ನೆಯ ಮೇಲೆ ಧಾರೆಯಾಗಿ ನೀರು ಇಳಿಯುತ್ತಿತ್ತು, ಅದರ ಮಧ್ಯೆ ಬಾಯಿ ಹಾಕುವುದು ಸಭ್ಯತೆಯಾಗಿ ಕಾಣಲಿಲ್ಲ. ಅವರು ಎದ್ದು ನಿಂತು ಕೈ ಮುಗಿದರು. "ಅವನ ಹೆಸರಲ್ಲಿ ಅಮಾವಾಸ್ಯೆ ದಿನ ನಮ್ಮನೇಲಿ ಒಂದು ಊಟ ಇಟ್ಕೊಂಡಿದೀನಿ. ನೀವಿಬ್ಬರೂ ಬರಬೇಕು."

"ನಮ್ಮ ಅರುಣನ ಹೆಸರಲ್ಲಿ ಊಟನಾ?" ಸುಬ್ಬಪ್ಪನ ಮುಖ ಅರಳಿತು. "ಅವಂಗೂ ಹೇಳ್ತೀವಿ ಬಿಡಿ."

"ಹೇಳೂದು ಬೇಡ. ಅವನಿಗೆ ಗೊತ್ತಾಗೇ ಆಗ್ತದೆ."

ನಾವು ಬೆನ್ನು ತಿರುಗಿಸುವುದನ್ನೇ ಕಾದು ಅವರು ಅರುಣನಿಗೆ ಸುದ್ದಿ ಮುಟ್ಟಿಸಿದರು. ಕಶ್ಯಪ ಮನೆಯಲ್ಲಿ ಹೇಳಿದ್ದಾನೆ, ದೊಡ್ಡಪ್ಪ ಒಪ್ಪಿ ತಾವೇ ಬಂದು ಕರೆದಿದ್ದಾರೆ ಎಂದು ಅರುಣ ತಿಳಿದ. ಹೊಸ ಅಂಗಿ ಹೊಲಿಯಲು ಹಾಕಿದ.

ಪುರೋಹಿತ ವಿಘ್ನೇಶ ಭಟ್ಟರು ಸಣ್ಣ ಪ್ರಾಯದವರು, ಬೈಕಿನಲ್ಲಿ ಓಡಾಡುವವರು. ತಿಥಿ ಯಾವುದು, ಗೋತ್ರ ಯಾವುದು ಎಂದು ಕೇಳಿದರು. ಎರಡೂ ಗೊತ್ತಿಲ್ಲ ಎಂದರು ಶಂಕರನಾರಾಯಣಯ್ಯ.

"ಸತ್ತ ದಿನ ಗೊತ್ತಿಲ್ಲದವರಿಗೆ ಅಮಾವಾಸ್ಯೆ, ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ. ಅದಕ್ಕೆಲ್ಲ ದಾರಿ ಉಂಟು" ಎಂದರು ಭಟ್ಟರು. "ಸತ್ತದ್ದಾದ್ರೂ ಖಾತ್ರಿ ಹೌದಾ?"

"ಪುಸ್ತಕದಲ್ಲಿ ಉಂಟು. ತಾಯಿಯೇ ಹೇಳಿದಾಳೆ. ಫೋನಿನವರೂ ಹೇಳಿದಾರೆ."

ಮೂರು ಕಡೆಯಿಂದ ಬಂದ ಆಧಾರವನ್ನು ಭಟ್ಟರು ಒಪ್ಪದೆ ಗತಿಯಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಕಶ್ಯಪನನ್ನು ಕಾಗದ ತರುವ ನೆಪದಲ್ಲಿ ಕೊಪ್ಪಕ್ಕೆ ಅಟ್ಟಿದರು, ಮಾಣಿ ಇದನ್ನೆಲ್ಲ ನೋಡಿ ಇನ್ನಷ್ಟು ಕುಗ್ಗಬಾರದು ಎಂದು. ಅವನು ಕಾಗದದ ಕಟ್ಟು ಹೊತ್ತು ತಿರುಗಿ ಬಸ್ಸು ಹತ್ತಿದರೆ ಅದರಲ್ಲೇ ಅರುಣ ಕೂತಿದ್ದ, ಅಪ್ಪ ಅಮ್ಮನ ಜೊತೆ, ಹೊಸ ಅಂಗಿಯಲ್ಲಿ. "ಅಂತೂ ಹೇಳಿದ್ಯಲ್ಲ" ಎಂದು ನಕ್ಕ. ಆ ನಗು ನೋಡಿ ಇಲ್ಲ ಎನ್ನಲು ಕಶ್ಯಪನಿಂದ ಆಗಲಿಲ್ಲ. ಬಸ್ಸು ಶೃಂಗೇರಿ ಮುಟ್ಟುವವರೆಗೂ ಅವನು ಕಾಗದದ ಬೆಲೆಯ ಬಗ್ಗೆ ಮಾತಾಡಿದನಂತೆ.

ಇತ್ತ ಹಿತ್ತಿಲಲ್ಲಿ ಎಲೆಯ ಮೇಲೆ ಪಿಂಡ ಇಟ್ಟು ನಾವೆಲ್ಲ ಚಪ್ಪಾಳೆ ತಟ್ಟುತ್ತ ನಿಂತಿದ್ದೆವು. ಕಾಗೆಗಳು ತೆಂಗಿನ ಗರಿಯ ಮೇಲೆ ಕೂತು ನೋಡುತ್ತಿದ್ದವೇ ಹೊರತು ಇಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಆಗ ಬೇಕಾದವರು ಒಬ್ಬೊಬ್ಬರಾಗಿ, ಅದನ್ನು ನಡೆಸಿಕೊಡುತ್ತೇವೆ ಎಂದು ಬಾಯಿಬಿಟ್ಟು ಮಾತು ಕೊಡಬೇಕು.

"ಅರುಣಾ, ನಮ್ಮನೆ ಮಿಕ್ಸಿ ಬಿಚ್ಚಿಟ್ಟು ಹೋಗಿದೀಯ. ಅದರ ಚಿಂತೆ ಬಿಡು, ನಾವು ಹೊಸತು ತಗೊಳ್ತೀವಿ" ಎಂದರು ಶೇಷಮ್ಮ. ಅಳಿಯನಾದ ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಕಾಗೆ ಇಳಿಯಲಿಲ್ಲ.

"ನಿನ್ನ ಕಾಫಿಗೆ ಸಕ್ಕರೆ ಕಡಿಮೆ ಹಾ‌ಕ್ತಿದ್ದೆ ಮಾರಾಯ. ಇನ್ನು ಸರಿಯಾಗಿ ಹಾಕ್ತೇನೆ" ಎಂದರು ಪದ್ಮಾಕ್ಷಮ್ಮ. ಒಂದು ಕಾಗೆ ಗರಿ ಬದಲಾಯಿಸಿತು, ಅಷ್ಟೇ.

ಭಟ್ಟರು ಗಡಿಯಾರ ನೋಡಿಕೊಂಡರು. ಆಗ ಶಂಕರನಾರಾಯಣಯ್ಯನವರು ದರ್ಭೆ ಹಿಡಿದ ಕೈ ಮುಂದೆ ಚಾಚಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು: "ಅರುಣಾ, ನಾನು ಪುಸ್ತಕ ನೋಡಿದೀನಿ. ನಿನ್ನ ಆಸೆ ಎಂತದು ಅಂತ ನನಗೆ ಗೊತ್ತುಂಟು. ನೀನು ಇದ್ದಾಗ ನಿನ್ನನ್ನು ಜಗಲಿಯಲ್ಲೇ ಕೂರಿಸಿದೆ. ಕಣ್ಣೆದುರು ಇದ್ದವನನ್ನ ನೋಡ್ಲಿಲ್ಲ. ಈಗ ಒಳಗೆ ಬಾ. ಕಶ್ಯಪನ ಜೊತೆ ಇರು, ನೀನೂ ಈ ಮನೆಯವನೇ. ನನ್ನದು ಎಂತ ಅಡ್ಡಿಯೂ ಇಲ್ಲ. ದರ್ಭೆ ಹಿಡಿದು ಹೇಳ್ತಿದೀನಿ."

"ನೀವು ದೆವ್ವ ಕಳಿಸ್ತಿದೀರೋ ಕರೀತಿದೀರೋ?" ಎಂದರು ಭಟ್ಟರು.

ಬಾವಿಕಟ್ಟೆಯ ಹಿಂದಿನಿಂದ ಒಂದು ದನಿ ಕೇಳಿತು. "ಬರ್ಲಾ ಹಂಗಾರೆ?"

ಹೊಸ ಅಂಗಿ, ಜೇಬಿನಲ್ಲಿ ಟೆಸ್ಟರ್. ಅರುಣ ನಿಂತಿದ್ದ. ಪಕ್ಕದಲ್ಲಿ ಕಾಗದದ ಕಟ್ಟು ಹೊತ್ತ ಕಶ್ಯಪ, ಹಿಂದೆ ಸುಬ್ಬಪ್ಪ, ಕಮಲಕ್ಕ. ಶಂಕರನಾರಾಯಣಯ್ಯನವರು ಅಲ್ಲೇ ನೆಲಕ್ಕೆ ಕೂತರು. ನಮ್ಮ ಅತ್ತೆಯೊಬ್ಬರೇ ಧೈರ್ಯ ಕಳೆದುಕೊಳ್ಳದೆ, "ಚಪ್ಪಲಿ ತೆಗಿ ಮಾರಾಯ" ಎಂದರು. ಅರುಣ ತೆಗೆದ. ಪಾದಗಳಿದ್ದವು, ಮುಂದಕ್ಕೇ ಇದ್ದವು. ಹೆಬ್ಬೆರಳಿಗೆ ಬ್ಯಾಟರಿ ಬಿದ್ದು ಕಪ್ಪಾದ ಉಗುರೂ ಇತ್ತು. "ಮನುಷ್ಯನೇ" ಎಂದರು ಶೇಷಮ್ಮ, ಸ್ವಲ್ಪ ನಿರಾಸೆಯಿಂದ.

ಅಷ್ಟರಲ್ಲಿ ಕಮಲಕ್ಕನ ಕಣ್ಣು ಎಲೆಯ ಮೇಲೆ ಬಿತ್ತು. "ಊಟಕ್ಕೆ ಅಂತ ಕರ್ದು ಮಗನ ಪಿಂಡ ತೋರ್ಸ್ತೀರ ಅಯ್ಯ?"

"ಹೊರಟೇ ಹೋದ ಅಂತ ನೀವೇ ಅಂದ್ರಲ್ಲಮ್ಮ."

"ಕೊಪ್ಪಕ್ಕೆ ಹೋದ ಅಂದಿದ್ದು."

ಅರುಣ ಪಿಂಡವನ್ನೇ ನೋಡುತ್ತಿದ್ದ. ಮುಖದ ನಗು ಹೋಗಿತ್ತು. "ಇವರು ಹೇಳಿದ್ದು ಸತ್ತೋನಿಗೆ, ಕಶ್ಯಪ. ಬದುಕಿರೋನಿಗೆ ಯಾರೂ ಎಂತದೂ ಹೇಳಿಲ್ಲ. ನೀನು ಹೇಳಿದೀಯ ಅಂತ ಬಂದೆ ನಾನು." ಅವನು ಚಪ್ಪಲಿ ಮೆಟ್ಟಿಕೊಂಡ. ಈ ಸಲ ಹೋದರೆ ಬರುವವನಲ್ಲ ಎಂಬುದು ನನಗೂ ತಿಳಿಯಿತು.

ಕಶ್ಯಪನ ತಲೆಯ ಮೇಲಿನ ಕಟ್ಟು ಜಾರಿ ಬಿತ್ತು, ಕಾಗದ ಹಿತ್ತಿಲ ತುಂಬ ಹರಡಿತು. "ದೊಡ್ಡಪ್ಪ" ಎಂದ. ಟೋನರ್ ಅನ್ನುತ್ತಾನೆ ಎಂದೇ ನಾನು ತಿಳಿದಿದ್ದೆ. "ದೊಡ್ಡಪ್ಪ, ಇವ ಬ್ಯಾಟರಿಗೆ ನೀರು ಹಾಕೋಕೆ ಬರ್ತಿದ್ದಿದ್ದಲ್ಲ. ನನಗೋಸ್ಕರ ಬರ್ತಿದ್ದ. ನನಗೆ ಇವ ಬೇಕು. ನೀವು ಬೇಡ ಅಂದ್ರೆ ನಾನೂ ಇವನ ಹಿಂದೆ ಹೋಗ್ತೇನೆ."

"ಪುಸ್ತಕದಲ್ಲಿ ಇವ ದೆವ್ವ ಆಗಿ..." ಎಂದರು ದೊಡ್ಡಪ್ಪ.

"ಅದನ್ನ ಆ ಕಡೆಯಿಂದ ಓದಬಾರದು. ಜಪಾನಿನ ರೀತಿ, ಈ ಕಡೆಯಿಂದ."

ಶಂಕರನಾರಾಯಣಯ್ಯನವರು ಪುಸ್ತಕ ತರಿಸಿಕೊಂಡು, ಪಿಂಡದ ಪಕ್ಕದಲ್ಲೇ ಕೂತು, ಬಲಗಡೆಯಿಂದ ಪುಟ ತಿರುಗಿಸಿದರು. ಒಂಟಿಯಾಗಿದ್ದವನಿಗೆ ಕೈ ಬಂತು, ನೆರಳು ಬಂತು, ಪಾದ ಬಂತು. ಕೊನೆಗೆ ದೋಸೆ ಬಂತು. ಅದನ್ನು ಅವರು ಬಹಳ ಹೊತ್ತು ನೋಡಿದರು.

"ಅಂದ್ರೆ ಇವ ಸಾಯೂದಿಲ್ಲ" ಎಂದರು.

"ಇಲ್ಲ ದೊಡ್ಡಪ್ಪ."

ಅವರು ಭಟ್ಟರ ಕಡೆ ತಿರುಗಿದರು. ಅವರಿಗೆ ಈಗ, ಅಲ್ಲಿಯವರೆಗೆ ಬದಿಗಿಟ್ಟಿದ್ದ ಆ ಇನ್ನೊಂದು ದೊಡ್ಡ ವಿಷಯಕ್ಕೆ ಗಾಬರಿಯಾಗುವ ಸರದಿ ಬಂದಿತ್ತು. "ಸತ್ತವನು ಅಂತ ಕೊಟ್ಟ ಮಾತು ಬದುಕಿದವನಿಗೂ ನಡೀತದಾ?"

ಭಟ್ಟರಿಗೆ ಹಸಿವಾಗಿತ್ತು. ಆದರೂ ನಿಧಾನವಾಗಿಯೇ ಯೋಚಿಸಿದರು. "ನೀವು ಮಾತು ಕೊಟ್ಟದ್ದು ಹೆಸರು ಹಿಡಿದು. ಆ ಹೆಸರಿನವನು ಎದುರಿಗೇ ಇದ್ದಾನೆ. ದರ್ಭೆ ಇನ್ನೂ ನಿಮ್ಮ ಕೈಯಲ್ಲೇ ಉಂಟು. ನನಗೆ ತಪ್ಪಿಸಿಕೊಳ್ಳೋ ದಾರಿ ಕಾಣೂದಿಲ್ಲ."

"ಸತ್ತವನಿಗೆ ಕೊಡೂ ಮನಸಿತ್ತು ನಿಮಗೆ" ಎಂದರು ಪದ್ಮಾಕ್ಷಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ಬದುಕಿದವನಿಗೆ ಕೊಡೂಕೆ ಎಂತ ಕಷ್ಟ? ಏಳಿ. ಸಾರು ಆರ್ತದೆ." ಆಮೇಲೆ ಅರುಣನ ಕಡೆ ನೋಡಿ, "ಚಪ್ಪಲಿ ಬಿಟ್ಟು ಒಳಗೆ ಬಾ. ಅಪ್ಪ ಅಮ್ಮನನ್ನೂ ಕರ್ಕೊಂಡು ಬಾ. ಎಲೆ ನಡುಮನೇಲಿ ಹಾಕ್ತೇನೆ" ಎಂದು ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಅರುಣ ಕಶ್ಯಪನ ಮುಖ ನೋಡಿದ. ಚಪ್ಪಲಿ ಬಿಟ್ಟ. ಕಮಲಕ್ಕ ಗಂಡನಿಗೆ, "ಹೆಣ್ಣು ಬೇಡ ಅಂದಿದ್ದು ಇದಕ್ಕಾ? ಬಾಯಿಬಿಟ್ಟು ಹೇಳಿದ್ರೆ ಆಗ್ತಿತ್ತಪ್ಪ" ಎಂದರು. ಸುಬ್ಬಪ್ಪ ಪಿಂಡವನ್ನು ದೂರದಿಂದಲೇ ಬಳಸಿಕೊಂಡು ಒಳಗೆ ನಡೆದ. ಎಲ್ಲರೂ ಒಳಗೆ ಹೋದ ಮೇಲೆ ತೆಂಗಿನ ಮರದಿಂದ ಕಾಗೆ ಇಳಿದು ಪಿಂಡ ತಿಂದದ್ದನ್ನು ನಾನೊಬ್ಬನೇ ನೋಡಿದೆ.

ಇದಾಗಿ ಒಂದು ಮಳೆಗಾಲ ಕಳೆದಿದೆ. ಮೊನ್ನೆ ಸಂಜೆ ಕರೆಂಟು ಹೋದಾಗ ಬೀದಿಯ ಮನೆಗಳಲ್ಲೆಲ್ಲ ಇನ್ವರ್ಟರ್ ದೀಪ ಹತ್ತಿತು. ಎದುರು ಮನೆ ಮಾತ್ರ ಕತ್ತಲೆ. ಶಂಕರನಾರಾಯಣಯ್ಯನವರು ಜಗಲಿಯಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಬ್ಯಾಟರಿಗೆ ನೀರು ಹಾಕದೆ ಆರು ತಿಂಗಳಾಯಿತಂತೆ.

"ಹೊರಗಿನವ ಆಗಿದ್ದಾಗ ಅರುಣ ವಾರಕ್ಕೆರಡು ಸಲ ಬಂದು ಹಾಕ್ತಿದ್ದ ಮಾರಾಯ" ಎಂದರು.

"ಈಗ ಕರೀರಿ ಮತ್ತೆ."

"ಕರೆದೆ. ನಾಳೆ ನೋಡುವ ದೊಡ್ಡಪ್ಪ ಅಂತ ಒಳಗಿಂದಲೇ ಹೇಳ್ತಾನೆ."